ಹೊಳೆ ಬಿಟ್ಟುಹೋದ ಗೋಡೆ

ದೊಡ್ಡ ಹೊಳೆ ಬಂದ ವರ್ಷ ಪೂಜ್ಯ ಶ್ರೀ ಅಡವಯ್ಯ ಅಜ್ಜನವರು ಕುರುವಿನಹಾಳದ ಸರಕಾರಿ ಶಾಲೆಯ ಜಗುಲಿಯಲ್ಲಿ ಬಿಜಯಂಗೈದಿದ್ದರು. ಬೇರೆಲ್ಲೂ ಜಾಗವಿರಲಿಲ್ಲ. ಮಠದೊಳಗೆ ಸೊಂಟಮಟ್ಟ ರಾಡಿ ನಿಂತಿತ್ತು, ಊರೊಳಗೂ ಅಷ್ಟೇ ನಿಂತಿತ್ತು. ಈ ವಿಷಯದಲ್ಲಿ ಹೊಳೆ ಗುರು-ಶಿಷ್ಯರೆಂಬ ಭೇದ ಮಾಡಿರಲಿಲ್ಲ. ಶಾಲೆ ದಿನ್ನೆಯ ಮೇಲಿದ್ದುದರಿಂದ ಅದೇ ಗಂಜಿಕೇಂದ್ರವಾಗಿತ್ತು.

ಶ್ರೀಗಳವರಿಗೆ ಆಸನವೆಂದರೆ ಖಾಲಿಯಾದ ಒಂದು ಅಕ್ಕಿಚೀಲ. ಕೈಯಲ್ಲಿ ಮೊರ. ಪರಿಹಾರವಾಗಿ ಬಂದ ಅಕ್ಕಿಯಲ್ಲಿ ಕಲ್ಲು ಆರಿಸುವುದೇ ಆ ದಿನಗಳಲ್ಲಿ ಅವರು ಕೈಗೊಂಡ ಅನುಷ್ಠಾನ. ಕಲ್ಲು ಧಾರಾಳವಾಗಿದ್ದುದರಿಂದ ಅನುಷ್ಠಾನಕ್ಕೆ ಎಂದೂ ಭಂಗ ಬರಲಿಲ್ಲ. ಪಾದಗಳು ಬಾತಿದ್ದವು, ಕೆಮ್ಮು ಬಿಟ್ಟಿರಲಿಲ್ಲ. ಗಂಜಿ ಬಂದಾಗ ಬಡಿಸಿದವರಿಗೆ ಕೈಮುಗಿದು ಸ್ವೀಕರಿಸುತ್ತಿದ್ದರು, ಉಪ್ಪು ಹಾಕಲು ಮರೆತ ದಿನವೂ.

ಆ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಮನೆಗೆ ಅಡಿಗಲ್ಲು ಹಾಕುವಾಗ ಅಜ್ಜನವರನ್ನು ದಿನ ಕೇಳುವಂತೆ, ಮನೆ ಕೆಡಹುವಾಗಲೂ ಕೇಳಬೇಕು. ಕೆಡಹುವ ಮುನ್ನ ಆ ಮನೆಯನ್ನು ಗುಡಿಸಿ, ಸಾರಿಸಿ, ದೀಪ ಹಚ್ಚಿ, ಅಲ್ಲೇ ಒಂದು ಹೊತ್ತಿನ ಅಡುಗೆ ಮಾಡಿ ಉಂಡು, ಅದರ ಅಪ್ಪಣೆ ಪಡೆಯಬೇಕು. ಜೀವಮಾನದಲ್ಲಿ ಒಮ್ಮೆ ಅದರ ಅಗತ್ಯ ಬಿದ್ದರೂ ಬೀಳಬಹುದು, ಬೀಳದೆಯೂ ಇರಬಹುದು ಎಂಬಂಥ ಪದ್ಧತಿ. ಆ ವರ್ಷ ಮಾತ್ರ ಮನೆ ಕೆಡಹುವುದಕ್ಕೆ ಬೇಡಿಕೆ ಬಂದಿತು.

ಕಾರಣ ಸರಕಾರದ ನಿಯಮ. ಮನೆ ಪೂರ್ತಿ ಬಿದ್ದವರಿಗೆ ಹೊಸದು ಕಟ್ಟಿಕೊಳ್ಳುವಷ್ಟು ಪರಿಹಾರ. ಅರ್ಧ ಬಿದ್ದವರಿಗೆ ತೇಪೆ ಹಾಕಿಕೊಳ್ಳುವಷ್ಟು. ಒಳ್ಳೆಯ ಉದ್ದೇಶದಿಂದ ಮಾಡಿದ ನಿಯಮ, ಅದರಲ್ಲಿ ಸಂಶಯವಿಲ್ಲ. ಹೊಳೆಗೆ ಮಾತ್ರ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಅದು ತನಗೆ ತೋಚಿದಂತೆ ಕೆಲಸ ಮಾಡಿ, ಒಬ್ಬನ ಮನೆ ನೆಲಸಮ ಮಾಡಿ ಅವನನ್ನು ಪುಣ್ಯವಂತನನ್ನಾಗಿಸಿತ್ತು. ಪಕ್ಕದವನ ಗೋಡೆ ಉಳಿಸಿ ಅವನನ್ನು ಹಾಳು ಮಾಡಿ ಹೋಗಿತ್ತು.

ಹಾಗಾಗಿ ಮಳೆಯಿಲ್ಲದ ಸಂಜೆಗಳಲ್ಲಿ ಊರ ಕಡೆಯಿಂದ ಗೋಡೆ ಕುಸಿಯುವ ಸಪ್ಪಳ ಕೇಳಿಬರುತ್ತಿತ್ತು. ಗಂಜಿಕೇಂದ್ರದಲ್ಲಿ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಅದನ್ನು ಸುಳ್ಳೆಂದಾಗಲಿ ಮೋಸವೆಂದಾಗಲಿ ಯಾರೂ ಕರೆಯಲಿಲ್ಲ. 'ಹೊಳಿ ಕೆಲಸ ಪೂರಾ ಮಾಡೂದು' ಎನ್ನುತ್ತಿದ್ದರು. ಪದ್ಧತಿಯನ್ನು ಯಾರೂ ನೆನೆಯಲಿಲ್ಲ, ರಾಡಿಯನ್ನೂ ಯಾರೂ ತೆಗೆದಿರಲಿಲ್ಲ. ತೊಳೆದು ಕುಳಿತರೆ ಶನಿವಾರ ಹಾನಿ ಅಳೆಯಲು ಬರುವ ಅಧಿಕಾರಿಗೆ ತೋರಿಸುವುದೇನು?

ಬುಧವಾರ ಮಧ್ಯಾಹ್ನ ಮುದಕಪ್ಪನೆಂಬ ಗೌಂಡಿ ಶ್ರೀಗಳವರ ಮುಂದೆ ಬಂದು ನಿಂತ. ಆ ಸುತ್ತಿನ ಹಳ್ಳಿಗಳಲ್ಲಿ ಅರ್ಧದಷ್ಟು ಮನೆಗಳನ್ನು ಕಟ್ಟಿದ ಕೈ ಅವನದು. ಮಠಕ್ಕೆ ನಡೆದುಕೊಳ್ಳುವವನಲ್ಲ. ದಿನ ನೋಡಿ ಕೊಡುವವರು ಸ್ವಾಮಿಗಳು, ಗೋಡೆ ಬಿರುಕು ಬಿಟ್ಟರೆ ಬೈಸಿಕೊಳ್ಳುವವನು ಗೌಂಡಿ ಎಂಬುದು ಅವನ ಹಳೆಯ ತಕರಾರು. ಅಂದು ಬಂದದ್ದೂ ಹೆಂಡತಿ ನೀಲವ್ವನ ಹಟಕ್ಕೆ. ಅಜ್ಜನವರ ಮಾತಿಲ್ಲದೆ ಮನೆಗೆ ಹಾರೆ ಮುಟ್ಟಿಸಲು ಅವಳು ಬಿಟ್ಟಿರಲಿಲ್ಲ.

"ಅಜ್ಜಾರ, ಒಂದು ದಿವಸ ನೋಡಿ ಹೇಳ್ರಿ. ಶನಿವಾರದೊಳಗಿಂದು ಬೇಕು."

"ಏನ್ ಕಟ್ಟಾಕ ಹತ್ತೀ ತಮ್ಮಾ?" ಎಂದರು ಶ್ರೀಗಳವರು, ಮೊರದಿಂದ ಕಣ್ಣೆತ್ತದೆ.

"ಕಟ್ಟೂದಲ್ರಿ. ಕೆಡವೂದು."

ಪಕ್ಕದಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಯಮನವ್ವ ಮುದುಕಿ ಕೇಳಿಯೂ ಸುಮ್ಮನಿರುವವಳಲ್ಲ. "ಹೊಳಿಗಿ ಕೈ ಸಾಲಲಿಲ್ಲಂತ ಗೌಂಡಿ ಹೊಂಟಾನ. ಇಬ್ಬರ ಕೂಲಿನೂ ಯಾರ ಕೊಡತಾರೊ ಏನೊ!"

"ಸುಮ್ಮನಿರಬೇ ಯಮನವ್ವಾ. ನಿಂದು ಬುಡಸಮೇತ ಬಿದ್ದೈತಿ, ನಿನಗೇನ್ ಚಿಂತಿ? ರಾಣಿ ಹಂಗ ಕುಂತೀ."

"ಹೌದಪಾ. ಶಿವ ನನ್ನ ಮ್ಯಾಲ ಕಣ್ಣು ತೆರದಾನ," ಎಂದು ಮುದುಕಿ ಕುಟ್ಟುವುದನ್ನು ಮುಂದುವರಿಸಿದಳು.

ಮುದಕಪ್ಪನ ಕಷ್ಟ ಹೀಗಿತ್ತು. ಅವನ ಮನೆಯಲ್ಲಿ ಅಪ್ಪ-ಅಜ್ಜ ಕಟ್ಟಿದ ಮಣ್ಣಿನ ಭಾಗವೆಲ್ಲ ಕರಗಿ ಹೋಗಿತ್ತು. ಮದುವೆಯಾದ ವರ್ಷ ತಾನೇ ಕಲ್ಲು-ಸುಣ್ಣ ಹಾಕಿ ಕಟ್ಟಿದ ಒಂದು ಕೋಣೆ ಮಾತ್ರ ಕದಲದೆ ನಿಂತಿತ್ತು. ಕಸುಬು ಚೆನ್ನಾಗಿ ಕಲಿತದ್ದಕ್ಕೆ ಅವನು ತೆರಬೇಕಾಗಿ ಬಂದ ದಂಡ ಅದು. ಆ ಕೋಣೆ ನಿಂತಿರುವವರೆಗೆ ಅವನು ಅರ್ಧ ಬಿದ್ದವನು. ಇತ್ತ ಮಗಳು ಕಾಶವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ತುಂಬಿದ ಬಸುರಿ, ಏಳನೆಯ ತರಗತಿಯ ಕೋಣೆಯಲ್ಲಿ ಹತ್ತಾರು ಸಂಸಾರಗಳ ನಡುವೆ ಗೋಡೆಗೊರಗಿ ಕುಳಿತೇ ದಿನ ಕಳೆಯುತ್ತಿದ್ದಳು. ಕಾಲು ಚಾಚಲು ಜಾಗವಿರಲಿಲ್ಲ. ತವರಿಗೆ ಕಳಿಸಿದರೆ ಶಾಲೆಗೆ ಕಳಿಸಿದಂತಾಯಿತೆಂದು ಬೀಗರು ಆಗಲೇ ಹೇಳಿಕಳಿಸಿದ್ದರು.

"ಆ ಕೋಣಿ ಒಳಗ ರಾಡಿ ಐತೇನು?" ಎಂದು ಕೇಳಿದರು ಶ್ರೀಗಳವರು.

"ಐತ್ರಿ. ತಗದ್ರ ಅಧಿಕಾರಿಗಳಿಗೆ ತೋರಸೂದೇನು? ಸರಕಾರಕ್ಕ ಬಿದ್ದದ್ದು ಕಾಣತೈತಿ, ನಿಂತದ್ದು ಕಾಣಾಂಗಿಲ್ರಿ." ಮುದಕಪ್ಪನ ದನಿ ಏರಿತು. "ನಾ ಏನರೆ ತಪ್ಪು ಮಾಡಿ ಮನಿ ಬಿದ್ದೈತೇನ್ರಿ? ಮಠಕ್ಕಾದ್ರ ಭಕ್ತರದಾರ. ನಮಗ್ಯಾರದಾರ? ಕೊಡೂದು ಸರಕಾರದ ಧರ್ಮ ಹೌದೊ ಅಲ್ಲೊ?"

"ಹೌದು. ಅವರ ಧರ್ಮ," ಎಂದರು ಶ್ರೀಗಳವರು.

ಮುದಕಪ್ಪ ಈ ಉತ್ತರಕ್ಕೆ ಸಿದ್ಧನಾಗಿ ಬಂದಿರಲಿಲ್ಲ. ಬೈಗುಳಕ್ಕೂ ಪ್ರವಚನಕ್ಕೂ ತಯಾರಾಗಿ ಬಂದವನು ಬರಿಗೈಯಲ್ಲಿ ನಿಂತಂತಾದ.

ಶ್ರೀಗಳವರು ಒಂದು ಕಲ್ಲನ್ನು ಆರಿಸಿ ಜಗುಲಿಯಾಚೆ ಎಸೆದು, "ನಾಳಿ ಮುಂಜಾನೆ ಛಲೋ ಐತಿ. ಪದ್ಧತಿ ಮರೀಬ್ಯಾಡ. ನಾನೂ ಬರತೀನಿ," ಎಂದರು.

"ಕೆಡವೋ ಮನಿ ಸಾರಸೂದ್ಯಾಕ್ರಿ ಅಜ್ಜಾರ?"

"ಇಷ್ಟು ವರ್ಷ ನೆಳ್ಳು ಕೊಟ್ಟೈತಿ. ಹೊಲಸ ಮಾಡಿ ಕಳಸ್ತೀಯೇನು?"

ಗುರುವಾರ ಬೆಳಿಗ್ಗೆ ಶ್ರೀಗಳವರು ಬಾತ ಕಾಲುಗಳಲ್ಲೇ ಕೆಸರು ತುಳಿಯುತ್ತ ಬಂದರು. ಮುದಕಪ್ಪ ಗೊಣಗುತ್ತ ಸಲಿಕೆ ಹಿಡಿದಿದ್ದ. ಅವನು ತುಂಬಿಕೊಟ್ಟ ಪುಟ್ಟಿಗಳನ್ನು ನೀಲವ್ವ ಹೊತ್ತು ಹೊರಗೆ ಚೆಲ್ಲುತ್ತಿದ್ದಳು. ಶ್ರೀಗಳವರೂ ಒಂದು ಪುಟ್ಟಿಗೆ ಕೈ ಹಾಕಿದರು. ಅಜ್ಜನವರು ರಾಡಿ ಹೊರುವುದನ್ನು ನೋಡಲಾರದೆ ಓಣಿಯ ಕೆಲವರು ಓಡಿಬಂದು ಸಲಿಕೆ ಹಿಡಿದರು. ತಂತಮ್ಮ ಮನೆಯ ರಾಡಿಯನ್ನು ಇಷ್ಟು ದಿನ ಮುಟ್ಟದವರು ಪಕ್ಕದವನ ರಾಡಿಯನ್ನು ಭಕ್ತಿಯಿಂದ ಎತ್ತಿಹಾಕಿದರು. ಗುರುವಿನ ಸಾನ್ನಿಧ್ಯದ ಮಹಿಮೆ ಅಂಥದು. ಶ್ರೀಗಳವರು ಬೇಗನೆ ದಣಿದು, ಹೊಸ್ತಿಲ ಮೇಲೆ ಕುಳಿತು ಕೆಮ್ಮಿದರು.

ರಾಡಿಯೊಂದಿಗೆ ಯಾರದೋ ಬಾಗಿಲ ತೋರಣ, ಒಂದು ಒಂಟಿ ಚಪ್ಪಲಿ, ನೀಲವ್ವ ಕಳೆದುಹೋಯಿತೆಂದು ಅತ್ತಿದ್ದ ರುಬ್ಬುವ ಗುಂಡುಕಲ್ಲು ಹೊರಬಂದವು. ಗೋಡೆ ತೊಳೆದಾಗ ಸುಣ್ಣದ ಸಂದುಗಳು ಕಂಡವು. ಮುದಕಪ್ಪ ಅವುಗಳ ಮೇಲೆ ಬೆರಳಾಡಿಸಿದ. ಆಮೇಲೆ ಏನೆನ್ನಿಸಿತೋ, ಕಸುಬಿನ ಚೀಲದಿಂದ ಗೋಡೆಯ ನೇರ ನೋಡುವ ತೂಕದ ಗುಂಡನ್ನು ತೆಗೆದು, ಕೆಡಹಲಿರುವ ಗೋಡೆಗೆ ದಾರ ಬಿಟ್ಟು ನೋಡಿದ. ಗೋಡೆ ನೆಟ್ಟಗಿತ್ತು. ಅವನಿಗೆ ಸಿಟ್ಟು ಬಂತು.

"ಏನಾತು?" ಎಂದಳು ನೀಲವ್ವ.

"ಏನಿಲ್ಲ. ಸುಮ್ಮನ ಸಾರಸು."

ನೀಲವ್ವ ಸಾರಿಸಿದಳು, ದೀಪ ಹಚ್ಚಿದಳು, ಶ್ರೀಗಳವರು ಕಲ್ಲು ಆರಿಸಿಕೊಟ್ಟ ಅಕ್ಕಿಯಲ್ಲೇ ಅನ್ನ ಮಾಡಿದಳು. ಹುಟ್ಟಿ ಬೆಳೆದ ಮನೆಯ ಕೊನೆಯ ಊಟಕ್ಕೆ ಕಾಶವ್ವನನ್ನೂ ಕರೆತಂದಿದ್ದರು. ಅವಳು ಉಂಡಳು. ಕೈತೊಳೆದು ಬಂದು, ಇನ್ನೂ ಪೂರ್ತಿ ಒಣಗದ ನೆಲದ ಮೇಲೆ ಚೀಲ ಹಾಸಿ, ಹೊಳೆ ಬಂದಂದಿನಿಂದ ಮೊದಲ ಸಲ ಕಾಲು ಚಾಚಿ ಮಲಗಿದಳು. ಮಲಗಿದ್ದೇ ನಿದ್ದೆ ಹತ್ತಿತು. ಸಣ್ಣಗೆ ಗೊರಕೆಯೂ ಕೇಳಿಸಿತು.

ಪದ್ಧತಿ ಮುಗಿದಿತ್ತು. ಮುದಕಪ್ಪ ಹಾರೆ ಎತ್ತಿಕೊಂಡು ಗೋಡೆಯ ಮೂಲೆಗೆ ಹೋದ. ಯಾವ ಕಲ್ಲು ಸಡಿಲಿಸಿದರೆ ಎಷ್ಟು ಬೀಳುತ್ತದೆಂಬುದು ಅವನಿಗೆ ತಿಳಿಯದ್ದೇನಲ್ಲ.

ಆಗ ಹೊಸ್ತಿಲಲ್ಲಿ ಕುಳಿತಿದ್ದ ಶ್ರೀಗಳವರು ಮೆಲ್ಲನೆ ಅಂದರು: "ತಮ್ಮಾ, ಮಗಳು ಎದ್ದ ಮ್ಯಾಲ ಕೆಡವು."

ಅಂದು ಅವರಿಂದ ಹೊರಬಿದ್ದ ಉಪದೇಶ ಇಷ್ಟೇ. ಆಕಾಶದಲ್ಲಿ ಬೆಳಕು ಕಾಣಲಿಲ್ಲ, ದೀಪ ತಾನಾಗಿ ಉರಿಯಲಿಲ್ಲ. ಶ್ರೀಗಳವರು ಬಾಗಿಲ ಚೌಕಟ್ಟಿಗೊರಗಿ ತಾವೂ ತುಸು ತೂಕಡಿಸಿದರು. ಮುದಕಪ್ಪ ಹಾರೆ ಹಿಡಿದು ಮಗಳನ್ನು ನೋಡುತ್ತ ನಿಂತ. ಬಳಿಕ ಕುಳಿತ. ಹಾರೆ ಮೊಣಕಾಲ ಮೇಲೆ ಇತ್ತು. ಗೋಡೆಯ ನೆರಳು ಮಗಳ ಮುಖದ ಮೇಲಿಂದ ಸರಿಯುತ್ತಿದ್ದಂತೆ ಅವನೆದ್ದು, ಬಿಸಿಲು ಬೀಳದಂತೆ ಕಿಟಕಿಗೆ ತನ್ನ ರುಮಾಲು ಕಟ್ಟಿ ಬಂದ.

ಮಧ್ಯಾಹ್ನ ಇಳಿದ ಮೇಲೆ ಕಾಶವ್ವ ಎದ್ದಳು. ಎದ್ದದ್ದು ನೋವಿನಿಂದ. ತಾಲೂಕು ದವಾಖಾನೆಗೆ ಒಯ್ಯಲು ಜೀಪು ಕರೆಸುವಷ್ಟು ಸಮಯ ಕೂಸು ಕೊಡಲಿಲ್ಲ. ಗಂಜಿಕೇಂದ್ರದಲ್ಲಿದ್ದ ಸರಕಾರಿ ನರ್ಸಬಾಯಿ ಕೆಸರಲ್ಲಿ ಓಡಿಬಂದು, ಗೋಡೆ ತಟ್ಟಿ ನೋಡಿ, "ಇದು ಗಟ್ಟಿ ಐತೇನ್ರಿ? ಮೈಮ್ಯಾಲ ಬೀಳಾಂಗಿಲ್ಲಲ್ಲ?" ಎಂದು ಕೇಳಿದರು.

ಮುದಕಪ್ಪ ಹಾರೆಯನ್ನು ಬೆನ್ನ ಹಿಂದೆ ಸರಿಸಿ, "ಬೀಳಾಂಗಿಲ್ರಿ," ಎಂದ.

ದೀಪ ಹಚ್ಚುವ ಹೊತ್ತಿಗೆ ಹೆಣ್ಣುಕೂಸು ಅತ್ತ ಸಪ್ಪಳ ಓಣಿಗೆಲ್ಲ ಕೇಳಿಸಿತು. ಮಳೆಯಿಲ್ಲದಿದ್ದರೂ ಆ ಓಣಿಯಲ್ಲಿ ಗೋಡೆ ಬೀಳದ ಸಂಜೆ ಅದೊಂದೇ.

ಇಷ್ಟಕ್ಕೇ ಮುದಕಪ್ಪ ಬದಲಾದನೆಂದರೆ ಅತಿಶಯೋಕ್ತಿಯಾದೀತು. ಬಾಣಂತಿಯಿರುವ ಕೋಣೆಯನ್ನು ಯಾರೂ ಕೆಡಹುವುದಿಲ್ಲ. ಅದು ಧರ್ಮಕ್ಕಿಂತ ಹೆಚ್ಚಾಗಿ ರೂಢಿ. ಶುಕ್ರವಾರ ನೆರೆಯವರು ಬಂದು ಬುದ್ಧಿ ಹೇಳಿದರು. "ತಾಯಿ-ಕೂಸನ್ನ ಸಾಲಿಗಿ ಕಳಸು. ಇನ್ನೂ ಒಂದು ದಿವಸ ಐತಿ. ಕಲ್ಲಿನ ಗ್ವಾಡಿ ನೋಡಿ ಯಾರೂ ಹೊಟ್ಟಿ ತುಂಬಿಸಿಕೊಳ್ಳಾಂಗಿಲ್ಲೊ ಮಾರಾಯಾ!" ಅವರ ಮಾತಿನಲ್ಲಿ ಹುರುಳಿತ್ತು. ಮುದಕಪ್ಪ ಗಾಳಿ ಬರುತ್ತಿದ್ದ ಸಂದಿಗೆ ಮಣ್ಣು ಮೆತ್ತುತ್ತಿದ್ದ.

ಶನಿವಾರ ಅಧಿಕಾರಿಗಳು ಬಂದರು. ಅಳತೆಗೆ ಬಂದ ಇಂಜಿನಿಯರು ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣುಗಳವರು. ಹೊಳೆದಂಡೆಯ ಹಳ್ಳಿಗಳನ್ನು ಸುತ್ತಿ ಸುತ್ತಿ ಅವರ ಬೂಟಿನ ಬಣ್ಣವೂ ತಿಳಿಯುತ್ತಿರಲಿಲ್ಲ. ಓಣಿಯುದ್ದಕ್ಕೂ 'ಪೂರ್ತಿ' ಎಂದು ಬರೆಯುತ್ತ ಬಂದವರು ಮುದಕಪ್ಪನ ಕೋಣೆಯ ಮುಂದೆ ನಿಂತುಬಿಟ್ಟರು.

"ಏನ್ರಿ ಇದು? ಇಡೀ ಓಣಿ ನೆಲಸಮ ಆಗೈತಿ. ಇದೊಂದು ಹೆಂಗ ಉಳೀತು?"

ಒಳಗಿನಿಂದ ಕೂಸು ಸಣ್ಣಗೆ ಅತ್ತಿತು. ನೀಲವ್ವ ಬಾಗಿಲಿಗೆ ಸೀರೆ ಕಟ್ಟಿದ್ದಳು. ಇಂಜಿನಿಯರು ಹಿಂದೆ ಸರಿದು, ದನಿ ತಗ್ಗಿಸಿ ಅಂದರು: "ಬಾಣಂತಿ ಕೋಣಿ, ಒಳಗ ಬಂದು ನಾ ನೋಡಾಂಗಿಲ್ಲ. ಸುತ್ತಲೂ ಎಲ್ಲಾ ಹೋಗೈತಲ್ಲ. ಪೂರ್ತಿ ಅಂತ ಬರದಬಿಡ್ತೀನಿ, ಆತಿಲ್ಲೊ?"

ಇದನ್ನು ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ದಣಿದಿದ್ದರು, ಕರುಣೆಯೂ ಇತ್ತು. ನೆರೆಯವರು ಮುದಕಪ್ಪನ ಬೆನ್ನಿಗೆ ತಿವಿದರು. ಯಮನವ್ವ ಕೂಡ ಎಲೆಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ತಲೆಯಾಡಿಸಿದರೆ ಸಾಕಿತ್ತು. ಗೋಡೆಯೂ ಉಳಿಯುತ್ತಿತ್ತು, ಹೊಸ ಮನೆಯೂ ಬರುತ್ತಿತ್ತು. ಮುದಕಪ್ಪ ಶ್ರೀಗಳವರ ಮುಖ ನೋಡಿದ. ಶ್ರೀಗಳವರು ಅವನನ್ನು ನೋಡುತ್ತಿರಲಿಲ್ಲ. ಬಿದ್ದ ಮಣ್ಣಗುಡ್ಡೆಯ ಮೇಲೆ ಕುಳಿತು ಕಾಲಿನ ಕೆಸರು ಕೆರೆದುಕೊಳ್ಳುತ್ತಿದ್ದರು.

"ಬ್ಯಾಡ್ರಿ ಸಾಹೇಬ್ರ," ಎಂದ ಮುದಕಪ್ಪ. "ಬಿದ್ದದ್ದೆಲ್ಲಾ ಬರೀರಿ. ನಮ್ಮಪ್ಪನ ಪಡಸಾಲಿ, ಅಡಗಿಮನಿ, ದನದ ಕೊಟ್ಟಿಗಿ, ಒಂದೂ ಬಿಡಬ್ಯಾಡ್ರಿ. ಅದಕ್ಕೆಲ್ಲಾ ನೀವು ಕೊಡಬೇಕು, ನಾ ಕೇಳಾಂವನ. ಇದನ್ನ ಬರೀಬ್ಯಾಡ್ರಿ. ಇದು ಬಿದ್ದಿಲ್ಲ."

"ಹೆಂಗ ಬೀಳಲಿಲ್ಲಪಾ ಇದು?"

"ನಾ ಕಟ್ಟಿದ್ರಿ."

ಓಣಿಯ ಜನ ಅವನನ್ನು ಹುಚ್ಚನೆಂದರು. ಲೌಕಿಕದ ಲೆಕ್ಕದಲ್ಲಿ ಅದು ಸರಿಯೇ.

ಅರ್ಧ ಪರಿಹಾರವೂ ತಾನಾಗಿ ನಡೆದುಬರುವಂಥದ್ದಲ್ಲ. ಮುಂದಿನ ತಿಂಗಳುಗಳಲ್ಲಿ ಮುದಕಪ್ಪನೊಡನೆ ಶ್ರೀಗಳವರೂ ತಾಲೂಕು ಕಚೇರಿಯ ಸಾಲಿನಲ್ಲಿ ಹಲವು ಸಲ ನಿಂತರು. ಗುಮಾಸ್ತನೊಬ್ಬ ಕುರ್ಚಿ ತಂದಿಟ್ಟು, "ತಾವು ಮಠಾಧೀಶರು, ಬೇಡಾಕ ಬರಬಾರದ್ರಿ," ಎಂದಾಗ ಶ್ರೀಗಳವರು, "ಇದು ಬೇಡೂದಲ್ಲಪಾ. ನೆನಪು ಮಾಡೂದು," ಎಂದರು. ಕುರ್ಚಿಯಲ್ಲಿ ಸಾಲಿನಲ್ಲಿ ತಮ್ಮ ಮುಂದೆ ನಿಂತಿದ್ದ ಮುದುಕಿಯೊಬ್ಬಳನ್ನು ಕೂರಿಸಿದರು.

ಪರಿಹಾರ ಬರುವ ಹೊತ್ತಿಗೆ ಕಾಶವ್ವನ ಮಗಳು ಗೋಡೆ ಹಿಡಿದು ನಡೆಯುತ್ತಿದ್ದಳು. ಪೂರ್ತಿ ಬಿದ್ದವರೂ ಅಲ್ಲಿಯವರೆಗೆ ತಗಡಿನ ಶೆಡ್ಡುಗಳಲ್ಲೇ ಕಾದರು. ಹೊಸ ಮನೆಗಳು ಬರುವವಿದ್ದವು, ಆದರೆ ಹೆರಿಗೆಗಳು ಕಾಯುವಂಥವಲ್ಲ. ಹಾಗಾಗಿ ಆ ವರ್ಷ ಓಣಿಯ ಹೆಣ್ಣುಮಕ್ಕಳ ಬಾಣಂತನಗಳೆಲ್ಲ ಮುದಕಪ್ಪನ ಕೋಣೆಯಲ್ಲೇ ನಡೆದವು. ಅವನನ್ನು ಹುಚ್ಚನೆಂದವರೂ ಬಂದರು, ತಲೆ ತಗ್ಗಿಸಿ. ಅವನು ಯಾರನ್ನೂ ಏನೂ ಕೇಳಲಿಲ್ಲ. ಒಬ್ಬಳು ಹೋದೊಡನೆ ಕೋಣೆಗೆ ಸುಣ್ಣ ಬಳಿದು, ಮುಂದಿನವಳಿಗೆ ಬಾಗಿಲು ತೆರೆದು, ತಾನು ಹೊರಗೆ ತಾಡಪತ್ರಿಯ ಕೆಳಗೆ ಹಾಸಿಕೊಂಡು ಮಲಗುತ್ತಿದ್ದ.