ನಾಳೆಯನ್ನು ನೋಡಿದ ಕಳ್ಳಿ

ಲೋಕ ಹೊಚ್ಚ ಹೊಸದಾಗಿದ್ದ ಕಾಲ ಅದು. ಆಕಾಶಕ್ಕೆ ಬಳಿದ ನೀಲಿ ಇನ್ನೂ ಹಸಿಯಾಗಿತ್ತು. ಎತ್ತ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು.

ಆಗ ಗಿಡಮರಗಳಿಗೆಲ್ಲ ಒಂದೇ ಒಂದು ದಿನದ ಆಯುಸ್ಸು. ಬೆಳಿಗ್ಗೆ ಬೀಜ ಊರಿದರೆ ಬಿಸಿಲೇರುವಷ್ಟರಲ್ಲಿ ಮೊಳಕೆ. ನಡುಮಧ್ಯಾಹ್ನಕ್ಕೆ ಆಳೆತ್ತರ. ಇಳಿಹೊತ್ತಿಗೆ ಹೂವು, ಕಾಯಿ, ಹಣ್ಣು. ಹೊತ್ತು ಮುಳುಗುವಷ್ಟರಲ್ಲಿ ಒಣಗಿ ಪುಡಿಪುಡಿ. ಮಾವೂ ಅಷ್ಟೇ, ಆಲವೂ ಅಷ್ಟೇ. ಉಳಿಯುತ್ತಿದ್ದುದು ಬೀಜ ಮಾತ್ರ.

ಜನಕ್ಕೆ ಅದರಿಂದ ಏನೂ ತೊಂದರೆ ಇರಲಿಲ್ಲ. ಬೆಳಿಗ್ಗೆ ಬಿತ್ತಿದ ರಾಗಿ ರಾತ್ರಿಗೆ ಮುದ್ದೆಯಾಗುತ್ತಿತ್ತು. ಇನ್ನೇನು ಬೇಕು?

ತೊಂದರೆ ಇದ್ದದ್ದು ಬೊಮ್ಮಕ್ಕನಿಗೆ.

ಬೊಮ್ಮಕ್ಕ ಮತ್ತು ಅವಳ ಗಂಡ ಗಾದ್ರಪ್ಪ ಒಂದು ಕಲ್ಲುಗುಡ್ಡದ ಮೇಲೆ ಇದ್ದರು. ಸುತ್ತ ಎಲ್ಲಿ ನೋಡಿದರೂ ಬಂಡೆ. ಬೊಮ್ಮಕ್ಕನ ತವರು ಮೂರು ಹಗಲಿನ ದಾರಿ, ಕೆರೆಯ ಆಚೆ ದಡದಲ್ಲಿ. ಅಲ್ಲಿ ಅವಳ ತಾಯಿ ಕೆಂಚವ್ವ ಮಗ ಸೊಸೆಯ ಜೊತೆ ಮಡಕೆ ಮಾಡಿಕೊಂಡಿದ್ದಳು.

ಬೊಮ್ಮಕ್ಕನಿಗೆ ಹೂವೆಂದರೆ ಪ್ರಾಣ. ಅಪರೂಪದ ಹೂವೊಂದು ಅರಳಿತೆಂದರೆ ಗಾಳಿಯ ಕೈಲಿ ಹೇಳಿಕಳಿಸುತ್ತಿದ್ದಳು. "ಅವ್ವಾ, ಎಂಥಾ ಹೂವು ಬಿಟ್ಟಿದೆ ಅಂತೀಯ! ಬೇಗ ಬಾ!"

ಕೆಂಚವ್ವ ಕೈಯ ಮಣ್ಣನ್ನೂ ಪೂರ್ತಿ ತೊಳೆಯದೆ ಹೊರಡುತ್ತಿದ್ದಳು. ಮೂರು ಹಗಲು ನಡೆದು, ಗುಡ್ಡ ಹತ್ತಿ, ಏದುಸಿರು ಬಿಡುತ್ತ ಬಂದು ಕೇಳುತ್ತಿದ್ದಳು. "ಎಲ್ಲವ್ವ ಹೂವು?"

ಅಷ್ಟರಲ್ಲಿ ಅಲ್ಲೇನಿರುತ್ತಿತ್ತು? ಒಂದು ಹಿಡಿ ಧೂಳು. ಅದನ್ನೂ ಗಾಳಿ ಒಯ್ದಿರುತ್ತಿತ್ತು.

"ಹೋಗಲಿ ಬಿಡು. ನಿನ್ನ ಮುಖ ನೋಡಿದ ಹಾಗಾಯಿತು" ಎನ್ನುತ್ತಿದ್ದಳು ಕೆಂಚವ್ವ. ಆದರೆ ಅವಳ ಕಣ್ಣು ಧೂಳಿನ ಕಡೆಗೇ ಇರುತ್ತಿತ್ತು. ಅದನ್ನು ಬೊಮ್ಮಕ್ಕ ನೋಡುತ್ತಿದ್ದಳು.

ಹೀಗೆ ಏಳು ಸಲವಾಯಿತು. ಏಳನೆಯ ಸಲ ತಾಯಿಯನ್ನು ಗುಡ್ಡದ ಬುಡದವರೆಗೆ ಕಳಿಸಿಬಂದ ಬೊಮ್ಮಕ್ಕ ನೆತ್ತಿಯ ಮೇಲೆ ನಿಂತು ಸೂರ್ಯನನ್ನು ಕೂಗಿದಳು.

"ಸೂರಪ್ಪಾ, ನನ್ನ ಅವ್ವ ಬರೋವರೆಗೆ ಒಂದು ಗಿಡ ಇರೋ ಹಾಗೆ ಮಾಡ್ತೀಯಾ?"

"ನನಗೆ ನಿಲ್ಲೋಕೆ ಬರಲ್ಲ ತಾಯಿ, ಇನ್ನೊಬ್ಬರನ್ನ ಹೇಗೆ ನಿಲ್ಲಿಸಲಿ?" ಎನ್ನುತ್ತ ಸೂರ್ಯ ಇಳಿದೇ ಹೋದ. ಹೊಳೆಯನ್ನು ಕೇಳಿದಳು. ಪ್ರಶ್ನೆ ಮುಗಿಯುವ ಮೊದಲೇ ಹೊಳೆ ಮುಂದೆ ಹೋಗಿತ್ತು.

ಆಗ ಅವಳ ಕಾಲ ಕೆಳಗಿನಿಂದ ಒಂದು ದನಿ ಬಂತು. ದಪ್ಪನೆಯ, ತೀರಾ ನಿಧಾನದ ದನಿ.

"ನ... ನ್ನ... ನ್ನ ಕೇಳು."

ಹಾಸುಬಂಡೆ ಮಾತಾಡಿತ್ತು! ಬೊಮ್ಮಕ್ಕ ಬೆಚ್ಚಿ ಕೂತುಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಅದರ ಮೇಲೆ ರಾಗಿ ಒಣಗಿಸಿದ್ದಳೇ ಹೊರತು ಅದಕ್ಕೆ ಬಾಯಿದೆ ಎಂದು ಯಾರಿಗೆ ಗೊತ್ತಿತ್ತು?

"ನನ್ನ ಹತ್ತಿರ ಇರೋದು ಒಂದೇ, ನಿಧಾನ" ಎಂದಿತು ಬಂಡೆ. "ಬೇಕಾದಷ್ಟಿದೆ. ಯಾರೂ ಕೇಳಿಲ್ಲ. ತಗೊಳ್ಳೋ ಬೀಜ ಒಂದನ್ನ ಕರಕೊಂಡು ಬಾ. ಆದರೆ ಬಲವಂತ ಮಾಡಬೇಡ."

ಬೊಮ್ಮಕ್ಕ ಮನೆಗೆ ಓಡಿ ಬೀಜಗಳನ್ನೆಲ್ಲ ಮೊರದಲ್ಲಿ ಹರವಿದಳು. ಒಂದೊಂದನ್ನೂ ಕೇಳಿದಳು.

"ಅಯ್ಯೋ, ನನಗೆ ಮನೆಯ ಮಾಡು ಹತ್ತೋದಿದೆ" ಎಂದಿತು ಕುಂಬಳ. "ಸಂಜೆಗೆ ಊಟಕ್ಕೆ ನಾನಿಲ್ಲದಿದ್ದರೆ ಆಗುತ್ತಾ?" ಎಂದಿತು ರಾಗಿ. ಮಾವಿನ ಓಟೆ ಮಗ್ಗುಲು ತಿರುಗಿಸಿತು.

ಮೊರದ ಅಂಚಿನಲ್ಲಿ ಧೂಳಿನ ಕಣದಂಥ ಬೀಜವೊಂದು ಉಳಿದಿತ್ತು. ಬಂಡೆಯ ಸಂದಿನಲ್ಲಿ ನಾಲ್ಕು ಎಲೆ ಬಿಟ್ಟು ಸಾಯುತ್ತಿದ್ದ ಪುಟ್ಟ ಗಿಡದ ಬೀಜ. ಅದಕ್ಕೆ ಯಾರೂ ಹೆಸರು ಸಹ ಇಟ್ಟಿರಲಿಲ್ಲ.

ಅದು ಮೆಲ್ಲಗೆ ಕೇಳಿತು. "ನಾಳೆ ಅಂತ ನೀವೆಲ್ಲ ಮಾತಾಡ್ತೀರಲ್ಲ ಅಕ್ಕಾ, ಅದು ಹೇಗಿರುತ್ತೆ? ನಮ್ಮ ಪೈಕಿ ಯಾರೂ ಅದನ್ನ ನೋಡಿಲ್ಲ. ನಾನು ನೋಡಬೇಕು."

ಬೊಮ್ಮಕ್ಕ ಅದನ್ನು ಹಾಸುಬಂಡೆಯ ಸಂದಿನಲ್ಲಿ ಊರಿದಳು. ಬಂಡೆ ತನ್ನ ನಿಧಾನವನ್ನು ಅದರ ಬೇರಿಗೆ ಸವರಿತು.

ಮರುದಿನ ಬೆಳಕು ಹರಿಯಿತು. ನಿನ್ನೆಯ ಗಿಡಗಳೆಲ್ಲ ಪುಡಿಯಾಗಿದ್ದವು. ಸಂದಿನಲ್ಲಿ ಮಾತ್ರ ಸಾಸಿವೆಯಷ್ಟು ಹಸಿರು ಎದ್ದು ಕೂತು ಮೂಡಣವನ್ನು ನೋಡುತ್ತಿತ್ತು. ಕೆಂಪು ಬಂತು, ಹೊನ್ನು ಬಂತು, ಬಂಡೆಗಳೆಲ್ಲ ಒಂದೊಂದಾಗಿ ಬೆಳಗಿದವು.

"ನಾಳೆ ಅಂದರೆ ಇದೇನಾ ಅಕ್ಕಾ?" ಅದರ ದನಿ ನಡುಗುತ್ತಿತ್ತು. "ಇದು ದಿನಾ ಬರುತ್ತಾ?"

"ದಿನಾ ಬರುತ್ತೆ ಕಣೋ" ಎಂದಳು ಬೊಮ್ಮಕ್ಕ. ಅವಳಿಗೂ ಆ ದಿನ ಬೆಳಗು ಮೊದಲ ಸಲ ಕಂಡ ಹಾಗಿತ್ತು.

ಹೂವು ಬಿಟ್ಟಾಗ ಕರೆಯುತ್ತೇನೆಂದು ಗಾಳಿಯ ಕೈಲಿ ಅವ್ವನಿಗೆ ಹೇಳಿಕಳಿಸಿದಳು. ಖುಷಿಯಲ್ಲಿ ಅವಳು ಗಿಡಕ್ಕೆ ನೀರು ಹಾಕಿದ್ದೇ ಹಾಕಿದ್ದು. ಬೆಳಿಗ್ಗೆ ಒಂದು ಚೊಂಬು, ಮಧ್ಯಾಹ್ನ ಒಂದು, ಸಂಜೆ ಒಂದು. ಹತ್ತನೆಯ ದಿನ ಗಿಡ ಹಳದಿಯಾಗಿ ಒಂದು ಪಕ್ಕಕ್ಕೆ ವಾಲಿತು. ಮುಟ್ಟಿದರೆ ಮೆತ್ತಗೆ.

"ಸಾಯಿಸ್ತಿದ್ದೀಯ" ಎಂದಿತು ಬಂಡೆ. "ಅದಕ್ಕೆ ಕುಡಿಯೋಕೂ ಸಮಯ ಬೇಕು. ಬುಡ ಪೂರ್ತಿ ಒಣಗಲಿ. ಆಮೇಲೂ ಎರಡು ದಿನ ತಡಿ."

ಬೊಮ್ಮಕ್ಕ ಚೊಂಬನ್ನು ಅಲ್ಲೇ ಕೆಳಗಿಟ್ಟಳು. ಬುಡದ ಕೆಸರನ್ನು ತೆಗೆದು ಗರಸು ಮಣ್ಣು ತುಂಬಿದಳು, ಮೇಲೆ ಸಣ್ಣ ಹರಳುಕಲ್ಲು ಹರವಿದಳು. ಅಲ್ಲಿಂದ ಮುಂದೆ ಎಷ್ಟೋ ದಿನ ತುಂಬಿದ ಚೊಂಬು ಹಿಡಿದು ಗಿಡದ ಮುಂದೆ ಕೂರುತ್ತಿದ್ದಳು, ಹಾಗೇ ಎದ್ದು ಬರುತ್ತಿದ್ದಳು. ನೀರು ಹಾಕುವುದು ಸುಲಭ. ಹಾಕದೆ ಇರುವುದನ್ನು ಕಲಿಯಲು ಅವಳಿಗೆ ಒಂದು ಬೇಸಿಗೆಯೇ ಹಿಡಿಯಿತು.

ಗಿಡ ಉಳಿಯಿತು. ಆದರೆ ನಾಲ್ಕನೆಯ ವರ್ಷ ಒಂದು ದಿನ ಮೇಕೆಯೊಂದು ಬಂದು ಅದರ ನಾಲ್ಕು ಎಲೆಯಲ್ಲಿ ಎರಡನ್ನು ತಿಂದುಹೋಯಿತು. ಬೇರೆ ಗಿಡವಾಗಿದ್ದರೆ ಗಳಿಗೆಯಲ್ಲಿ ಹೊಸ ಎಲೆ ಬರುತ್ತಿತ್ತು. ಇದಕ್ಕೆ ಒಂದೆಲೆಗೆ ಒಂದು ವರ್ಷ.

ಗಿಡ ಗಾಳಿಯನ್ನು ಕರೆಯಿತು. "ಗಾಳಿಯಣ್ಣಾ, ನನ್ನ ಎಲೆಗಳನ್ನ ಎಷ್ಟು ಬಿಗಿಯಾಗಿ ಸುತ್ತೋಕಾಗುತ್ತೋ ಅಷ್ಟು ಬಿಗಿಯಾಗಿ ಸುತ್ತಿಬಿಡು."

ಗಾಳಿ ಸುತ್ತಿತು. ಸುತ್ತಿ ಸುತ್ತಿ ಎಲೆ ಕಡ್ಡಿಯಾಯಿತು, ಕಡ್ಡಿ ಸೂಜಿಯಾಯಿತು, ಸೂಜಿ ಮುಳ್ಳಾಯಿತು. ಕುಡಿದ ನೀರನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಗಿಡ ಗುಂಡಗಾಯಿತು. ಮೇಕೆ ಮತ್ತೆ ಬಂತು, ಮೂತಿ ತಾಗಿಸಿತು, ಒದರುತ್ತ ಓಡಿತು. ಬೊಮ್ಮಕ್ಕ ಅದಕ್ಕೆ ಕಳ್ಳಿ ಎಂದು ಹೆಸರಿಟ್ಟಳು.

ವರ್ಷಗಳು ಉರುಳಿದವು. ಕಳ್ಳಿ ಕಡಲೆಯಷ್ಟಾಯಿತು. ಆಮೇಲೆ ನೆಲ್ಲಿಕಾಯಿಯಷ್ಟಾಯಿತು.

"ನಿನ್ನ ಗಿಡಕ್ಕೆ ಜೀವ ಇದೆಯೋ, ಇಲ್ಲಾ ಕಲ್ಲಿಗೇ ನೀರು ಹಾಕ್ತಿದ್ದೀಯೋ?" ಎಂದು ಗಾದ್ರಪ್ಪ ನಗುತ್ತಿದ್ದ.

"ಹೋದ ಸುಗ್ಗಿಯಲ್ಲಿ ಈ ಮುಳ್ಳು ಇರಲಿಲ್ಲ, ನೋಡಿ" ಎಂದು ಬೊಮ್ಮಕ್ಕ ತೋರಿಸುತ್ತಿದ್ದಳು. ಅವನು ಬಗ್ಗಿ ನೋಡುತ್ತಿದ್ದ. ಒಂದು ದಿನ ಅವಳಿಗಿಂತ ಮೊದಲೇ ಎದ್ದು ಹೋಗಿ ಬಗ್ಗಿ ನೋಡುತ್ತಿದ್ದವನು ಸಿಕ್ಕಿಬಿದ್ದ.

ಕೆರೆಯಾಚೆಯಿಂದ ಗಾಳಿ ಕೇಳಿಕೊಂಡು ಬರುತ್ತಿತ್ತು. "ನಿಮ್ಮವ್ವ ಕೇಳ್ತಿದ್ದಾಳೆ, ಹೂವು ಬಿಡ್ತಾ?"

"ಇನ್ನೂ ಇಲ್ಲ ಅಂತ ಹೇಳು."

ಹನ್ನೆರಡನೆಯ ವರ್ಷ ಕಳ್ಳಿಯ ನೆತ್ತಿಯ ಮೇಲೆ ಹತ್ತಿಯ ಎಳೆಯಂಥ ಬಿಳಿ ತುಪ್ಪಳ ಕಾಣಿಸಿತು. ಅದರ ನಡುವೆ ಒಂದು ಮೊಗ್ಗು. ಅದೇ ವಾರ ಗಾಳಿ ತಲೆ ತಗ್ಗಿಸಿಕೊಂಡು ಬಂತು.

"ನಿಮ್ಮವ್ವನಿಗೆ ಈಗ ನಡೆಯೋಕಾಗಲ್ಲ ಬೊಮ್ಮಕ್ಕ. ಕಣ್ಣೂ ಮಂಜಾಗ್ತಿದೆ."

ಬೊಮ್ಮಕ್ಕ ಓಡಿಹೋಗಿ ಬಂಡೆಯ ಮೇಲೆ ಬಿದ್ದಳು. "ನಿನ್ನ ನಿಧಾನ ನೀನೇ ವಾಪಸ್ ತಗೋ! ಈಗಲೇ ಅರಳಲಿ!"

"ತಗೊಳ್ಳಬಹುದು" ಎಂದಿತು ಬಂಡೆ. "ಈಗಲೇ ಅರಳುತ್ತೆ. ಸಂಜೆಗೆ ಧೂಳಾಗುತ್ತೆ. ಆ ಧೂಳನ್ನ ಅವ್ವನಿಗೆ ಕೊಡ್ತೀಯಾ?"

ಬೊಮ್ಮಕ್ಕ ಅಳುತ್ತ ಕೂತಳು. ಆಗ ಕಳ್ಳಿ ಹೇಳಿತು. "ಅವ್ವ ಇಲ್ಲಿಗೆ ಬರೋಕಾಗದಿದ್ದರೆ ಏನಂತೆ ಅಕ್ಕಾ? ನನ್ನ ಅಲ್ಲಿಗೆ ಕರಕೊಂಡು ಹೋಗು."

ಬೇರೂರಿದ ಗಿಡ ಊರು ಬಿಟ್ಟು ಹೋದದ್ದನ್ನು ಲೋಕ ಅದುವರೆಗೆ ಕಂಡಿರಲಿಲ್ಲ. ಹೋಗಲು ಯಾವ ಗಿಡಕ್ಕೆ ಸಮಯವಿತ್ತು?

ಗಾದ್ರಪ್ಪ ಮನೆಯಲ್ಲಿದ್ದ ಚಿಕ್ಕ ಕುಡಿಕೆಯೊಂದನ್ನು ತಂದು ತಳಕ್ಕೆ ತೂತು ಕೊರೆದ. ಬೊಮ್ಮಕ್ಕ ಕಡ್ಡಿಯಿಂದ ಸುತ್ತಲಿನ ಗರಸನ್ನು ಕೆದಕಿ, ಮುಳ್ಳು ಚುಚ್ಚದಂತೆ ಸೆರಗಿನಿಂದ ಹಿಡಿದು, ಒಂದು ಬೇರೂ ಹರಿಯದ ಹಾಗೆ ಎತ್ತಿ ಕುಡಿಕೆಯಲ್ಲಿ ಕೂರಿಸಿದಳು.

"ಹುಷಾರು" ಎಂದಿತು ಬಂಡೆ. ಅಷ್ಟೇ.

ಮೂರು ಹಗಲು ಅವಳು ನಡೆದಳು. ಮೊಗ್ಗು ಉದುರೀತೇನೋ ಎಂದು ಹೆಜ್ಜೆಹೆಜ್ಜೆಗೂ ಕುಡಿಕೆಯತ್ತ ಬಗ್ಗಿ ನೋಡುತ್ತಿದ್ದಳು. ದಾರಿಯಲ್ಲಿ ಒಂದು ತೊಟ್ಟು ನೀರನ್ನೂ ಹಾಕಲಿಲ್ಲ.

ಕೆಂಚವ್ವ ಹೊರಗೆ ಬಿಸಿಲಿಗೆ ಕೂತಿದ್ದಳು. ಬೊಮ್ಮಕ್ಕ ಕುಡಿಕೆಯನ್ನು ತಾಯಿಯ ಮಡಿಲಲ್ಲಿಟ್ಟಳು.

"ಏನವ್ವ ಇದು?"

"ಅದೇ ಗಿಡ ಕಣವ್ವ."

"ಯಾವುದು?" ಕೆಂಚವ್ವನ ಬೆರಳುಗಳು ಮುಳ್ಳಿನ ತುದಿಗಳ ಮೇಲೆ ಮೆಲ್ಲಗೆ ಆಡಿದವು. "ಹನ್ನೆರಡು ವರ್ಷದ ಹಿಂದೆ ಹೇಳಿಕಳಿಸಿದ್ದೆಯಲ್ಲ, ಅದಾ? ಅದೇ ಗಿಡವಾ?"

"ಅದೇ."

ತನ್ನ ಇಡೀ ಆಯುಸ್ಸಿನಲ್ಲಿ ಕೆಂಚವ್ವ ನಿನ್ನೆಯ ಗಿಡವೊಂದನ್ನು ಮುಟ್ಟಿದವಳಲ್ಲ. ಇದು ಹನ್ನೆರಡು ಮಳೆಗಾಲ, ಹನ್ನೆರಡು ಬೇಸಿಗೆ ಕಂಡ ಗಿಡ. ಅವಳು ಅದಕ್ಕೆ ಎರಡೂ ಕೈ ಎತ್ತಿ ಮುಗಿದಳು.

ಮರುದಿನ ಬಿಸಿಲೇರುತ್ತಿದ್ದ ಹಾಗೆ ಮೊಗ್ಗು ಬಿರಿಯಿತು. ಒಂದೊಂದೇ ದಳ, ಒಂದೊಂದೇ ದಳ. ಕಳ್ಳಿಯ ಮೈಗಿಂತ ದೊಡ್ಡ ಹೂವು! ನಡುವೆ ಹೊನ್ನು, ಸುತ್ತ ಮೊದಲ ಬೆಳಗಿನ ಕೆಂಪು. ಕೆರೆಯ ಅಲೆಗಳು ನಿಂತವು. ಕೊಕ್ಕರೆಗಳು ಎತ್ತಿದ ಕಾಲನ್ನು ಇಳಿಸಲು ಮರೆತವು. ಗಾಳಿ ಉಸಿರು ಹಿಡಿಯಿತು. ಬೆಳೆಯುತ್ತಿದ್ದ ಗಿಡಗಳೆಲ್ಲ ಬೆಳೆಯುವುದನ್ನು ಬಿಟ್ಟು ಇತ್ತ ತಿರುಗಿದವು.

"ಕಾಣ್ತಿದೆಯಾ ಅವ್ವಾ?"

"ಕಾಣ್ತಿದೆ ಮಗಳೇ" ಎಂದಳು ಕೆಂಚವ್ವ. ಮಂಜುಗಣ್ಣಿನ ತುಂಬ ಹೂವೇ ಇತ್ತು. "ಕಾಣದೆ ಏನು! ಇಷ್ಟು ಹೊತ್ತು ಕೂತಿದೆಯಲ್ಲ ನನಗೋಸ್ಕರ."

ಅವಳು ಇನ್ನೂ ಎರಡು ವರ್ಷ ಬದುಕಿದಳು. ಆ ಹೂವನ್ನು ಇನ್ನೂ ಎರಡು ಸಲ ನೋಡಿದಳು.

ಸುದ್ದಿ ಹಬ್ಬಿತು. ಎಲ್ಲ ಗಿಡಗಳಿಗೂ ನಾಳೆಯನ್ನು ನೋಡುವ ಆಸೆ ಹುಟ್ಟಿತು. ಗಾಳಿಯ ಬೆನ್ನೇರಿ ಬೀಜಗಳು ಹಾಸುಬಂಡೆಗೆ ಬಂದವು. ರಾಗಿ ಚಿಟಿಕೆ ನಿಧಾನ ಕೇಳಿ ನಾಲ್ಕು ತಿಂಗಳು ಪಡೆಯಿತು. ಮಾವು ಬೊಗಸೆಯಷ್ಟು ಪಡೆಯಿತು. ಆಲ ಮೂಟೆಗಟ್ಟಲೆ ಹೊತ್ತೊಯ್ದಿತು. ಆದರೂ ಬಂಡೆ ಮೊದಲು ಕೈಯಾರೆ ನಿಧಾನ ಸವರಿದ್ದು ಯಾರ ಬೇರಿಗೆ? ಕಳ್ಳಿಯಷ್ಟು ನಿಧಾನ ಬೇರೆ ಯಾರಿಗೂ ಬರಲಿಲ್ಲ.

ಅದಕ್ಕೇ ಪುಟ್ಟಾ, ನಿಮ್ಮ ಕಿಟಕಿಯಲ್ಲಿ ಅಂಗೈಯಗಲದ ಕುಂಡದೊಳಗೆ ಹರಳುಕಲ್ಲುಗಳ ನಡುವೆ ಕೂತ ಗುಂಡುಕಳ್ಳಿ ಹೋದ ತಿಂಗಳು ಎಷ್ಟಿತ್ತೋ ಈ ತಿಂಗಳೂ ಅಷ್ಟೇ ಇರುವಂತೆ ಕಂಡರೂ, ಪ್ರತಿ ಬೆಳಗ್ಗೆಯೂ ಬೆಳಕು ಬರುವ ಕಡೆಗೆ ಮೆಲ್ಲಗೆ, ತುಂಬಾ ಮೆಲ್ಲಗೆ ವಾಲುತ್ತಿರುತ್ತದೆ.