ಸಿಂಪಿಗ ಹಕ್ಕಿಯ ನೂಲು

"ಕೊಕ್ಕು ಸೂಜಿಯಂತಿದ್ದರೆ ಸಾಲದು ಕಣೇ, ಮನೆ ಕಟ್ಟೋದು ನಿನ್ನಿಂದಾಗದ ಕೆಲಸ" ಎಂದು ಹೋದ ಯುಗಾದಿಯಲ್ಲಿ ಸಿಂಪಿಗ ಹಕ್ಕಿಗೆ ಹೇಳಿದ್ದು ಕಾಗೆ. ಅವಳ ಮೊದಲ ಗೂಡು ಗಾಳಿಗೆ ಹರಿದು ಎರಡು ಮೊಟ್ಟೆ ಒಡೆದಾಗ ಅದು ಕೊಂಬೆ ಅಲ್ಲಾಡುವಂತೆ ನಕ್ಕಿತ್ತು. ಹಕ್ಕಿ ಹಟ ಬಿಡಲಿಲ್ಲ. ಅಂಜೂರದ ಎರಡು ಎಲೆ ಸೇರಿಸಿ ಮತ್ತೆ ಹೊಲಿದಳು.

ಈ ಯುಗಾದಿಯ ಬೆಳಿಗ್ಗೆ ಗೂಡಿನಂಚಿನಲ್ಲಿ ಕೂತು ಮೂರು ಮರಿಗಳಿಗೆ ಕಳೆದ ವರ್ಷದ ಕತೆ ಹೇಳಿದಳು. "ಈ ಮನೆಯಲ್ಲಿ ಇನ್ನೊಬ್ಬರದು ಅನ್ನುವುದು ಒಂದೆಳೆಯೂ ಇಲ್ಲ. ಎಲ್ಲ ನಾನೇ."

"ಕತೆ ಸಾಕಮ್ಮ, ಹಸಿವು" ಎಂದವು ಮರಿಗಳು.

ಅಷ್ಟರಲ್ಲಿ ಮುದಿ ಜೇಡವೊಂದು ಎಲೆಯ ಮೇಲೆ ಹರಿದು ಬಂತು. ಹಕ್ಕಿ ಥಟ್ಟನೆ ಕಾಲಡಿ ಒತ್ತಿ ಹಿಡಿದಳು.

"ತಿನ್ನಿಸು ತಾಯಿ, ಬೇಡ ಅಂದರೆ ಬಿಡುವವಳಲ್ಲ ನೀನು" ಎಂದಿತು ಜೇಡ. "ಆದರೆ ನೂಲು ಯಾರದು ಅಂತ ಮಕ್ಕಳಿಗೆ ಹೇಳಿಬಿಡು."

"ನೂಲೂ ನಾನೇ ತಂದದ್ದು!"

"ಹೌದು, ನನ್ನ ಬಲೆಯಿಂದ. ನೀನು ಕಿತ್ತೊಯ್ದಾಗಲೆಲ್ಲ ನಾನು ಉಪವಾಸವಿದ್ದು ಹೊಸದು ನೇಯ್ದೆ."

"ಹೌದೇನಮ್ಮ?" ಎಂದು ಮರಿಗಳು ಕೇಳಿದವು.

ಹಕ್ಕಿ ತನ್ನ ಹೊಲಿಗೆಯನ್ನೊಮ್ಮೆ ನೋಡಿದಳು. ಅವಳಿಗೆ ಜಂಭವಿತ್ತು, ಆದರೆ ಸುಳ್ಳು ಬರುತ್ತಿರಲಿಲ್ಲ. ಕಾಲೆತ್ತಿದಳು.

"ಹೊಲಿದದ್ದು ನಾನು, ನೂಲು ಈ ಅಜ್ಜಿಯದು. ಇವಳಿಲ್ಲದಿದ್ದರೆ ನೀವೂ ನೆಲದ ಪಾಲಾಗುತ್ತಿದ್ದಿರಿ" ಎಂದು ಹೇಳಿ, ಹುಳ ಹುಡುಕಲು ಕೆರೆಯಾಚೆಗೆ ಹಾರಿದಳು.

ಈಗ ಅವಳಿಗೆ ಗಾಳಿಗೆ ಜಗ್ಗದ ಮನೆಯಿದೆ, ಮೂರು ಮರಿಗಳಿವೆ, ಅದೇ ಕೊಂಬೆಯಲ್ಲಿ ಒಬ್ಬ ನೆರೆಯವಳಿದ್ದಾಳೆ. ಇಷ್ಟಕ್ಕೆ ಅವಳು ತೆತ್ತದ್ದು ಎರಡು ಮೊಟ್ಟೆ, ಒಂದು ವರ್ಷದ ದುಡಿಮೆ ಮತ್ತು 'ಎಲ್ಲ ನಾನೇ' ಎಂಬ ಮಾತು.