ಕುಟ್ಟಯ್ಯನ ಕತ್ತಿ

ಬೇಟೆಗಾರ ಕುಟ್ಟಯ್ಯ ತೀರಿಕೊಂಡ ಮೇಲೆ ಅವನ ಕತ್ತಿ ಹತ್ತು ವರ್ಷ ಅಟ್ಟದಲ್ಲೇ ಬಿದ್ದಿತ್ತು. ಒಂದು ಬೆಳಿಗ್ಗೆ, ಗದ್ದೆಗೆ ನುಗ್ಗಿದ ಹಂದಿಯನ್ನು ಹೊಡೆದುರುಳಿಸಿದ ಅವನ ಮಗಳು ಬೊಳ್ಳವ್ವ, ಅದನ್ನು ಕೊಯ್ಯಲೆಂದು ಕತ್ತಿಯನ್ನು ಇಳಿಸಿ ಸಾಣೆಕಲ್ಲಿನ ಮೇಲಿಟ್ಟಳು.

ಕತ್ತಿ ಬೆದರಿ ಕಲ್ಲಿಗೆ ಹೇಳಿತು: "ಬೇಡ ಅಕ್ಕಾ! ನೀನು ಮಸೆದು ಮಸೆದೇ ಅಂಗೈ ಅಗಲವಿದ್ದ ನಾನು ಬೆರಳಗಲ ಆದೆ. ನಾನೂ ಸವೆದುಹೋದರೆ ಕುಟ್ಟಯ್ಯನ ನೆನಪಿಗೆ ಏನು ಉಳಿದೀತು?"

"ನನ್ನ ನಡುವೂ ಸವೆದು ಬಟ್ಟಲಾಗಿದೆ ತಮ್ಮಾ," ಎಂದಿತು ಕಲ್ಲು. "ನಿನ್ನಿಂದ ಹಂದಿ ಕೊಯ್ದು, ಮನೆಮನೆಗೂ ಪಾಲು ಹಂಚಿ, ಕುಟ್ಟಯ್ಯ ನಗುತ್ತಿದ್ದನಲ್ಲ, ಅದನ್ನು ಮರೆತೆಯಾ?"

ಕತ್ತಿಗೆ ಆ ನಗು ಕಿವಿಯಲ್ಲೇ ಕೇಳಿದಂತಾಯಿತು. ಅದು ಕಲ್ಲಿಗೆ ಮೈಯೊಡ್ಡಿತು.

ಆ ಸಂಜೆ ಊರಿನ ಪ್ರತಿ ಮನೆಯಲ್ಲೂ ಊಟಕ್ಕೆ ಕೂತವರ ಬಾಯಲ್ಲಿ ಕುಟ್ಟಯ್ಯನದೇ ಮಾತು.